ಗೋಡೆಗೆ ಹೇಳಿದ ಸುಳ್ಳು

ನಮ್ಮ ಶಹಾಪುರದ ಮನೆಗೆ ಕ್ಯಾಮೆರಾ ಬಂದದ್ದು ಪಕ್ಕದ ಓಣಿಯಲ್ಲಿ ಆದ ಕಳ್ಳತನದಿಂದ. ಆ ಮನೆಮಂದಿಯೆಲ್ಲ ಸುರಪುರಕ್ಕೆ ಮದುವೆಗೆ ಹೋಗಿದ್ದಾಗ ಯಾರೋ ಹಿತ್ತಲ ಬಾಗಿಲು ಮುರಿದು ಗ್ಯಾಸ್ ಸಿಲಿಂಡರು, ತಾಮ್ರದ ಹಂಡೆ ಹೊತ್ತೊಯ್ದಿದ್ದರು. ನಮ್ಮ ಹಿತ್ತಲ ಬಾಗಿಲಿಗೋ ಗೆದ್ದಲು ಹತ್ತಿತ್ತು. ಬಡಗಿಯನ್ನು ಕರೆಸಿ ಹೊಸ ಬಾಗಿಲು, ಒಳಗಿಂದ ಗಟ್ಟಿ ಅಗಳಿ ಹಾಕಿಸೋಣ ಎಂದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಯಾದಗಿರಿಯಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಮೈದುನ ಬಂದು ಮುಂಬಾಗಿಲ ಮೇಲೆ ಕ್ಯಾಮೆರಾ ಕೂಡಿಸಿದ. ಅದರಲ್ಲಿ ನೋಡಲೂಬಹುದು, ಮಾತಾಡಲೂಬಹುದು. ತನ್ನ ಫೋನಿಗೆ ಜೋಡಿಸಿಕೊಂಡ, ನನ್ನ ಗಂಡನ ಫೋನಿಗೂ ಜೋಡಿಸಿದ. ನನ್ನ ಫೋನು ಮುಂದೆ ಚಾಚಿದರೆ, "ನಿಮಗ್ಯಾಕ್ರಿ ವೈನಿ ಆ ತ್ರಾಸ, ನಾವು ನೋಡ್ತೀವಲ್ಲ" ಎಂದ. ಹಿತ್ತಲಲ್ಲಿ ಗೆದ್ದಲು ತನ್ನ ಪಾಡಿಗೆ ತಾನು ತಿನ್ನುತ್ತಲೇ ಇತ್ತು.

ಅದೇ ತಿಂಗಳು ನಾನು ಕಾರು ಕೊಂಡೆ. ಕೆಂಭಾವಿ ಕಡೆಯ ಹಳ್ಳಿಯ ಶಾಲೆಗೆ ಎರಡು ಬಸ್ಸು ಬದಲಿಸಿ, ಕಂಬಿ ಹಿಡಿದು ನಿಂತು ವರ್ಷಗಟ್ಟಲೆ ಪಾಠ ಮಾಡಲು ಹೋಗಿಬಂದವಳು ನಾನು. ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಗಾಡಿ, ಸಣ್ಣ ಎಂಜಿನ್ನು, ಮೈಲೇಜು ಚಲೋ. ರಿಪೇರಿ ಊರಲ್ಲೇ ಆಗುತ್ತದೆ, ನಮ್ಮ ಇಕ್ಕಟ್ಟು ಓಣಿಯಲ್ಲಿ ಸಲೀಸಾಗಿ ತಿರುಗುತ್ತದೆ. ಎಲ್ಲ ವಿಚಾರಿಸಿಯೇ ಆರಿಸಿದ್ದೆ. ಗಂಡ ಒಂದು ಸುತ್ತು ಹಾಕಿ ನೋಡಿ, "ದೊಡ್ಡ ಗಾಡಿ ಆಗಿದ್ರ ಮಂದ್ಯಾಗ ಮರ್ಯಾದಿ ಇರ್ತಿತ್ತು" ಎಂದರು. ಓಡಿಸುವವಳು ನಾನು, ಮರ್ಯಾದೆ ಮಾತ್ರ ಅವರದು.

ಮೈದುನ ಇನ್ನೊಮ್ಮೆ ಬಂದು ಕ್ಯಾಮೆರಾದ ಮುಖವನ್ನು ಕಾರಿನ ಕಡೆ ತಿರುಗಿಸಿದ. "ಗಾಡಿ ಕಾಯಾಕ ಬೇಕಲ್ರಿ" ಎಂದ.

ಒಂದು ಭಾನುವಾರ ಬೆಳಗ್ಗೆ ಬೋನಾಳ ಕೆರೆಗೆ ಹಕ್ಕಿ ನೋಡಲು ಹೊರಟೆ. ಒಬ್ಬಳೇ. ಏನೂ ಕೆಲಸವಿಲ್ಲದೆ, ಯಾರನ್ನೂ ಕರೆದುಕೊಂಡು ಹೋಗುವ ಹೊಣೆಯಿಲ್ಲದೆ ಎಲ್ಲಿಗಾದರೂ ಹೋಗಿ ಎಷ್ಟು ವರ್ಷವಾಗಿತ್ತೋ. ಕಾರು ಶಾಲೆಗೆ ಎಂದು ಎಲ್ಲರಿಗೂ ಹೇಳಿದ್ದೆ, ನಿಜಕ್ಕೂ ಕೊಂಡದ್ದು ಇದಕ್ಕೆ. ಚಾವಿ ತಿರುವುವಷ್ಟರಲ್ಲಿ ಗೋಡೆಯಿಂದ ಮೈದುನನ ದನಿ ಬಂತು.

"ಎಲ್ಲಿಗಿ ಹೊಂಟ್ರಿ ವೈನಿ?"

"ಶಾಲಿ ಮೀಟಿಂಗ್ ಅದ" ಎಂದುಬಿಟ್ಟೆ.

ಮೈಯೆಲ್ಲ ಉರಿಯಿತು. ಅವನ ಮೇಲೆ ಆಮೇಲೆ, ಮೊದಲು ನನ್ನ ಮೇಲೆ. ಸುಳ್ಳು ಹೇಳಿದ ಮಕ್ಕಳನ್ನು ನಿಲ್ಲಿಸಿ ಬೈಯುವವಳು, ತಲೆ ನರೆತ ಹೆಂಗಸು, ಗೋಡೆಗೆ ಹೆದರಿ ಸುಳ್ಳು ಹೇಳಿದ್ದೆ.

ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದ ಅತ್ತೆ ಮೊರ ಕೆಳಗಿಟ್ಟು ಎದ್ದರು. ಕ್ಯಾಮೆರಾದತ್ತ ಕೈ ನೀಡಿ, "ಹೊಂಟಾಕಿಗಿ ಎಲ್ಲಿಗಿ ಅಂತ ಕೇಳ್ತಾರೇನೋ ಬುದ್ಧಿಗೇಡಿ? ದೂರ ಹೊಂಟ್ರೇನು ಅಂತ ಕೇಳಬೇಕು!" ಎಂದು ಮಗನಿಗೆ ಬೈದರು. ಹೊರಟವರನ್ನು ಎಲ್ಲಿಗೆ ಎಂದು ಕೇಳಿದರೆ ಹೋದ ಕೆಲಸ ಕೆಡುತ್ತದೆಂದು ಅವರ ನಂಬಿಕೆ. ನನ್ನನ್ನು ಕಾರಿನಿಂದ ಇಳಿಸಿ, ಒಳಗೆ ಕೂಡಿಸಿ, ನೀರು ಕುಡಿಸಿ ಮತ್ತೆ ಕಳಿಸಿದರು. ನನ್ನ ಪರವಾಗಿ ಬೈದರೆಂದು ಒಂದು ಗಳಿಗೆ ಹಿಗ್ಗಿದ್ದೆ. ಅವರು ಬೈದದ್ದು ಕೇಳಿದ್ದಕ್ಕಲ್ಲ, ಕೇಳಿದ ಶಬ್ದಕ್ಕೆ. ಹಕ್ಕಿ ನೋಡುವ ಮನಸ್ಸೇ ಸತ್ತಿತ್ತು. ಕೆಂಭಾವಿ ರಸ್ತೆಯಲ್ಲಿ ಒಂದು ಬೇವಿನ ಗಿಡದ ಕೆಳಗೆ ಗಾಡಿ ನಿಲ್ಲಿಸಿ, ಮೀಟಿಂಗು ಮುಗಿಯುವಷ್ಟು ಹೊತ್ತು ಕೂತು ಮನೆಗೆ ಬಂದೆ.

ಮೈದುನ ತಿದ್ದಿಕೊಂಡ. ಆಮೇಲೆ ಗೋಡೆ ಬಹಳ ಮರ್ಯಾದೆಯಿಂದ ಕೇಳತೊಡಗಿತು: "ದೂರ ಹೊಂಟ್ರೇನ್ರಿ ವೈನಿ?" ಕಾಯಿಪಲ್ಲೆಗೆ ಹೊರಟರೂ ಅದೇ, ಹಿಟ್ಟಿನ ಗಿರಣಿಗೆ ಹೊರಟರೂ ಅದೇ. ಸಂಜೆ ಗಂಡ ಫೋನು ನೋಡುತ್ತ, "ಇವತ್ತ ತಾಸು ಹೆಚ್ಚಿಗಿ ಆತಲ್ಲ?" ಎನ್ನುವರು. ದನಿ ಏರಿಸಿದರೆ, "ಕಾಳಜಿಲಿಂದ ಕೇಳಿದ್ರ ಸಿಟ್ಟ್ಯಾಕ?" ಕಾಳಜಿಯಂತೆ! ಆ ಮಾತು ನೆನೆದರೆ ಈಗಲೂ ಹಲ್ಲು ಕಡಿಯುತ್ತೇನೆ. ಕಾಳಜಿ ಇದ್ದವರು ಹಿತ್ತಲ ಬಾಗಿಲು ಮಾಡಿಸುತ್ತಿದ್ದರು.

ಕಡೆಗೆ ಬಡಗಿಯನ್ನು ನಾನೇ ಕರೆಸಿದೆ. ಸಾಗವಾನಿ ಬಾಗಿಲು, ಕಬ್ಬಿಣದ ಅಗಳಿ. ಅದು ಮುಗಿದ ಮರುದಿನ ಭಾನುವಾರ. ಕುರ್ಚಿ ಹತ್ತಿ ಕ್ಯಾಮೆರಾದ ವೈರು ಎಳೆದು ಹಾಕಿದೆ. ಅತ್ತೆ ನೋಡಿದರು, ದೂರವೋ ಹತ್ತಿರವೋ ಏನೂ ಕೇಳಲಿಲ್ಲ.

ಬೋನಾಳ ಕೆರೆಯ ಏರಿಯ ಹತ್ತಿರ ಗಾಡಿ ನಿಲ್ಲಿಸಿ ಇಳಿದೆ. ನೀರಂಚಿನಲ್ಲಿ ಬೆಳ್ಳಕ್ಕಿಗಳು ನಿಂತಿದ್ದವು. ಇನ್ನೂ ಸರಿಯಾಗಿ ನೋಡಿರಲಿಲ್ಲ, ಮೈದುನನ ಫೋನು. ಗಾಬರಿಯಾಗಿದ್ದ.

"ವೈನಿ, ಕ್ಯಾಮೆರಾ ಬಂದ್ ಆಗ್ಯಾದ! ಮನಿ ಒಳಗ ಯಾರರ ಬಂದಾರೇನ್ರಿ?"

"ಒಳಗ ಯಾರೂ ಬಂದಿಲ್ಲ" ಎಂದೆ. "ನಾನ ಹೊರಗ ಬಿದ್ದೇನಿ."