ಹಗೇವಿನ ಬಾಯಲ್ಲಿ ಹಿಡಿದ ದೀಪ

ಮೊನ್ನೆ ಅಥಣಿಯ ನಮ್ಮ ಮನೆಯ ನೀರಿನ ಸಂಪು ತೊಳೆಯಲು ಸಿದ್ದಪ್ಪ ಬಂದಿದ್ದ. ಬಾಡಿಗೆಯವರು ಬಿಟ್ಟುಹೋದ ಮೇಲೆ ಮುಚ್ಚಿಯೇ ಇದ್ದ ಸಂಪು ಅದು. ಮುಚ್ಚಳ ಎತ್ತಿದ್ದೇ ತಡ, ಮುಗ್ಗಲು ಹಿಡಿದ ಹುಳಿ ವಾಸನೆಯೊಂದು ಅಂಗಳಕ್ಕೆ ಬಂತು. ನನ್ನ ಕೈಯಲ್ಲಿದ್ದ ಚಹಾದ ಕಪ್ಪನ್ನು ಕೆಳಗಿಟ್ಟೆ. ಸಿದ್ದಪ್ಪ ಪ್ಯಾಂಟು ಮಡಚಿ ಒಳಗೆ ಕಾಲು ಬಿಡುತ್ತಿದ್ದ.

"ತಡಿಯೋ ತಮ್ಮಾ, ಒಂದ ನಿಮಿಷ ತಡಿ" ಎಂದು ದೇವರ ಕೋಣೆಗೆ ಓಡಿದೆ. ಓಡಿದೆ ಅನ್ನುವುದು ಬಾಯಿಮಾತು; ನನ್ನ ಮೊಣಕಾಲು ಓಡುವುದನ್ನು ಬಿಟ್ಟು ಬಹಳ ದಿನವಾಯಿತು. ಸಣ್ಣ ಬುಟ್ಟಿ, ಹಗ್ಗ, ಒಂದು ಪಣತಿ ಹಿಡಿದು ಬಂದೆ.

"ಪೂಜಾ ಮಾಡ್ತೀರೇನ್ರಿ ಆಯಿ, ಸಂಪಿಗಿ?" ಎಂದು ಅವನು ನಕ್ಕ.

ನಗಲಿ ಬಿಡಿ. ಹಗೇವು ಕಂಡವನಲ್ಲ ಅವನು. ನಿಮ್ಮಲ್ಲೂ ಎಷ್ಟು ಜನ ಕಂಡಿರುವಿರೋ. ನೆಲದಲ್ಲಿ ಎರಡಾಳು ಆಳ ತೋಡಿ, ಒಬ್ಬರು ಇಳಿಯುವಷ್ಟೇ ಬಾಯಿ ಬಿಟ್ಟು, ಜೋಳ ತುಂಬಿ, ಮೇಲೆ ಹಾಸುಗಲ್ಲು ಎಳೆದು ಮಣ್ಣು ಮೆತ್ತಿದರೆ ಅದು ಹಗೇವು. ವರ್ಷ ಕಳೆದರೂ ಜೋಳಕ್ಕೆ ಹುಳ ಹತ್ತುತ್ತಿರಲಿಲ್ಲ. ಒಳಗೆ ತಾಯಿ ಕಾವಲಿರುತ್ತಾಳೆ ಎನ್ನುತ್ತಿದ್ದರು. ಕಲ್ಲು ತೆಗೆದ ದಿನ ಮನೆಮಗಳು ಬಾಯಿಯ ಹತ್ತಿರ ದೀಪ ಹಿಡಿದು ನಿಲ್ಲಬೇಕು. ದೀಪ ಉರಿದರೆ ತಾಯಿ ಒಪ್ಪಿದಳೆಂದು ಅರ್ಥ, ಆಮೇಲೆ ಗಂಡಸರು ಇಳಿಯಬೇಕು.

ಅಲಖನೂರಿನ ನಮ್ಮ ಮನೆಯಲ್ಲಿ ಆ ಮನೆಮಗಳು ನಾನೇ. ಆಗ ನನಗೆ ಹದಿಮೂರು. ಕಲ್ಲಪ್ಪ ಕಾಕಾ ನಡಕ್ಕೆ ಪಂಜೆ ಬಿಗಿದು, "ಏನವಾ, ಉರಿಯಾಕತ್ತೈತಿ?" ಎಂದು ಕೇಳಿದ. "ಉರಿಯಾಕತ್ತೈತಿ ಕಾಕಾ" ಎಂದೆ. ಅವನು ಹಗ್ಗ ಹಿಡಿದು ಇಳಿದ. ಬುಟ್ಟಿ ಬಿಡುವುದರೊಳಗೆ ದನಿ ನಿಂತಿತ್ತು. ಹಿಂದೆಯೇ ಇಳಿಯಲು ಹೊರಟ ಅಪ್ಪನನ್ನು ನಾಲ್ಕು ಮಂದಿ ಹಿಡಿದು ಕೆಡವಿದರು. ಕಾಕಾನನ್ನು ಕೊಕ್ಕೆ ಹಾಕಿ ಎಳೆದಾಗ ಅವನ ಮೀಸೆಯಲ್ಲಿ ಜೋಳದ ಕಾಳು ಸಿಕ್ಕಿದ್ದವು.

ಆ ರಾತ್ರಿ ಅಜ್ಜಿ ನನ್ನ ಗದ್ದ ಹಿಡಿದೆತ್ತಿ, "ಖರೇ ಹೇಳ. ಹೊರಗಾಗಿ ಮುಚ್ಚಿಟ್ಟಿಯೇನ?" ಎಂದಳು. ಇಲ್ಲ ಎಂದೆ. ಅದು ಸುಳ್ಳು. ಅಂದು ಬೆಳಿಗ್ಗೆಯೇ ನಾನು ಮೊದಲ ಸಲ ಹೊರಗಾಗಿದ್ದೆ. ಮುಟ್ಟಾದವಳು ದೀಪ ಹಿಡಿಯುವಂತಿರಲಿಲ್ಲ; ಹಿಡಿಯುವ ಆಸೆಗೆ ಯಾರಿಗೂ ಹೇಳಿರಲಿಲ್ಲ. ಕಾಕಾನನ್ನು ಕೊಂದವಳು ನಾನೇ ಎಂಬುದರಲ್ಲಿ ನನಗೆ ಸಂಶಯವೇ ಉಳಿಯಲಿಲ್ಲ. ಆಮೇಲಿನ ವರ್ಷಗಳನ್ನು ನಾನು ಹೆದರಿಕೊಂಡೇ ಕಳೆದೆ. ದೀಪಾವಳಿಗೆ ಪಣತಿ ಹಚ್ಚಲು ಕರೆದರೆ ಹೊಟ್ಟೆನೋವು ಎಂದು ಮಲಗುತ್ತಿದ್ದೆ.

ಇಂಥವಳು ಎಂಬತ್ತರ ದಶಕದಲ್ಲಿ ಐಗಳಿಯ ಸಾಲೆಗೆ ಕನ್ನಡ ಕಲಿಸುವ ಅಕ್ಕೋರಾಗಿ ಹೋದೆ. ಸಂಜೆ ಮಠದಲ್ಲಿ ಪುರಾಣ ಓದುತ್ತಿದ್ದೆ, ಹೆಣ್ಣುಮಕ್ಕಳು ಬಂದು ತುಂಬುತ್ತಿದ್ದರು. ವಿಜ್ಞಾನ ನನಗೆ ಎಣ್ಣೆ ಸೀಗೆಕಾಯಿ. ನಾನು ಕಲಿಯುವಾಗ ಸಾಲೆಯಲ್ಲಿ ಕಪ್ಪೆ ಕೊಯ್ಯುವ ದಿನ ಕಪ್ಪೆಗಿಂತ ಮೊದಲು ಮಲಗಿದವಳು ನಾನು.

ಅಲ್ಲಿ ವಿಜ್ಞಾನ ಕಲಿಸಲು ನಿಪ್ಪಾಣಿಯವರೊಬ್ಬರಿದ್ದರು. ಊರವರಿಗೆ ಅವರು ನಿಪ್ಪಾಣಿ ಮಾಸ್ತರ್ರು, ಅಷ್ಟೇ. ಹಗೇವು ಇಳಿಯುವವರಿಗೆ ಬುದ್ಧಿ ಹೇಳಬೇಕೆಂದು ಒಂದು ದಿನ ಚಾವಡಿಗೆ ಕರಿಹಲಗೆ ಹೊರಿಸಿಕೊಂಡು ಹೋಗಿ ಇಂಗಾಲದ ಡೈಆಕ್ಸೈಡು ಎಂದು ದೊಡ್ಡದಾಗಿ ಬರೆದರು. ಮುದುಕರು ಮರ್ಯಾದೆಯಿಂದ ಕೇಳಿದರು. ಕೊನೆಗೆ ಒಬ್ಬರು, "ಇದು ಯಾವ ಕಡಿ ಗಾಳಿರಿ ಮಾಸ್ತರ್ರ, ಮಳಿ ತರತೈತೇನ್ರಿ?" ಎಂದು ಕೇಳಿದರು.

ಮರುದಿನ ಮಾಸ್ತರ್ರು ನನ್ನ ಬೆನ್ನು ಬಿದ್ದರು. "ಅಕ್ಕೋರ, ಇದನ್ನ ನೀವ ಹೇಳಬೇಕ್ರಿ."

"ನನಗ ವಿಜ್ಞಾನದ ಗಂಧಗಾಳಿ ಇಲ್ರಿ."

"ಅದಕ್ಕ ನೀವ ಬೇಕು. ನನ್ನ ಭಾಷಾ ಮಂದಿಗಿ ಸಮಜ ಆಗೂದಿಲ್ಲ. ನೀವು ಹೇಳಿದ್ರ ನಾಕ ಮಂದಿ ಕುಂತ ಕೇಳ್ತಾರ."

ಅವರು ಒಂದು ತಂಬಿಗೆಯಲ್ಲಿ ಅಡಿಗೆ ಸೋಡಾ ಹಾಕಿ ಲಿಂಬೆಹಣ್ಣು ಹಿಂಡಿದರು. ನೊರೆ ಎದ್ದು ಇಳಿಯಿತು. ಆಮೇಲೆ ಉರಿಯುವ ಪಣತಿಯ ಮೇಲೆ ತಂಬಿಗೆಯನ್ನು ಮೆಲ್ಲಗೆ ಬಾಗಿಸಿದರು. ಹನಿ ನೀರೂ ಬೀಳಲಿಲ್ಲ, ಏನೂ ಕಾಣಲಿಲ್ಲ, ದೀಪ ಮಾತ್ರ ಆರಿತು. ನಾನು ಕಿಟಾರನೆ ಕಿರುಚಿದೆ. ಹಗೇವಿನ ತಾಯಿಯನ್ನು ಈ ಮನುಷ್ಯ ತಂಬಿಗೆಯಲ್ಲಿ ಹಿಡಿದು ತಂದಿದ್ದಾನೆ ಅನಿಸಿತು.

ಎರಡು ದಿನ ಅವರ ಕಣ್ಣಿಗೆ ಬೀಳದೆ ತಿರುಗಿದೆ. ಮೂರನೆಯ ದಿನ, ಯಾರದೋ ಕತೆ ಎಂಬಂತೆ ಕೇಳಿದೆ: "ಹೊರಗಾದ ಹೆಣ್ಣಮಗಳು ದೀಪಾ ಹಿಡದ್ರ?"

"ದೀಪಕ್ಕ ಅದೇನ ಗೊತ್ತಾಗತೈತ್ರಿ? ಅದಕ್ಕ ಗಾಳಿ ಬೇಕು, ಬಸ್" ಎಂದರು ಮಾಸ್ತರ್ರು. ನನ್ನ ಎದೆಯ ಮೇಲಿನ ಹಾಸುಗಲ್ಲು ಸರಿಯಿತು. ಅಷ್ಟಕ್ಕೇ ನಿಲ್ಲಿಸಬಾರದಿತ್ತೇ? "ಆದ್ರ ಬಾಯಾಗ ಹಿಡದ್ರ ಅದು ಯಾವಾಗಲೂ ಉರೀತೈತಿ ನೋಡ್ರಿ. ಕೆಟ್ಟ ಗಾಳಿ ತಳದಾಗ ಇರತೈತಿ. ಹಗ್ಗಾ ಕಟ್ಟಿ ಇಳಿಸಿದ್ದರ ಗೊತ್ತಾಗತಿತ್ತು."

ಒಂದು ಪಾಪ ಕಳೆದು ಇನ್ನೊಂದು ಸಂಕಟ ಕೊಟ್ಟರು ಪುಣ್ಯಾತ್ಮರು. ಮನೆಯಲ್ಲಿ ಹಗ್ಗವಿತ್ತು. ಕಾಕಾ ಇಳಿದ ಹಗ್ಗವೇ ಇತ್ತು.

ಅದೇ ವಾರ ಗಂಗವ್ವನ ಮನೆಯ ಹಗೇವು ತೆಗೆಯುವವರಿದ್ದರು. ಗಂಗವ್ವ ಪುರಾಣಕ್ಕೆ ದಿನವೂ ಬರುವ ಹೆಂಗಸು, ಒಬ್ಬನೇ ಮಗ ಬಸಪ್ಪ. ಕಲ್ಲು ತೆಗೆದ ದಿನ ಅಲ್ಲಿಗೆ ಹೋಗಿ ಮಾಸ್ತರ್ರು ತಂಬಿಗೆಯನ್ನು ನನ್ನ ಕೈಗಿತ್ತರು. ಎಲ್ಲರೆದುರು ಉರಿಯುವ ಪಣತಿಯ ಮೇಲೆ ಬಾಗಿಸಿದೆ. ಗಾಳಿ ಬೀಸುತ್ತಿತ್ತೋ, ಸೋಡಾ ಕಡಿಮೆಯಾಯಿತೋ, ದೀಪ ಆರಲಿಲ್ಲ. ಗಂಡಸರು ನಕ್ಕರು. "ಸಾಕ ಬಿಡ್ರಿ ಅಕ್ಕೋರ" ಎಂದು ಬಸಪ್ಪ ನಡಕ್ಕೆ ಹಗ್ಗ ಸುತ್ತಿಕೊಂಡ. ಅವನ ತಂಗಿ ಹಗೇವಿನ ಬಾಯಲ್ಲಿ ಪಣತಿ ಹಿಡಿದು ನಿಂತಿದ್ದಳು. "ಏನಬೇ, ಉರಿಯಾಕತ್ತೈತಿ?" ಎಂದು ಅವನು ಕೇಳಿದ.

ನನ್ನ ಕತೆ ಹೇಳಿದರೆ ಊರು ನನ್ನನ್ನು ಏನೆಂದೀತು? ಮಠದಲ್ಲಿ ಪುರಾಣ ಓದುವವಳು, ಅವರ ಹೆಣ್ಣುಮಕ್ಕಳಿಗೆ ಕಲಿಸುವವಳು. ಹೇಳದಿದ್ದರೆ ಇವನು ಇಳಿಯುತ್ತಾನೆ. ಹುಡುಗಿ ಬಾಯಿ ತೆರೆಯುವುದರೊಳಗೆ ನಾನು ಬಸಪ್ಪನ ಹಗ್ಗ ಹಿಡಿದು ಕುಸಿದು ಕುಳಿತೆ. ಕಲ್ಲಪ್ಪ ಕಾಕಾನ ಕತೆಯನ್ನೆಲ್ಲ ಹೇಳಿದೆ. ಅಂದು ನಾನು ಹೊರಗಾಗಿದ್ದೆ ಎಂಬುದನ್ನೂ, ಅಜ್ಜಿಗೆ ಹೇಳಿದ ಸುಳ್ಳನ್ನೂ, ಗಂಡಸರೆದುರೇ ಹೇಳಿದೆ. "ದೀಪಾ ಉರಿಯಾಕತ್ತಿತ್ರೆವಾ. ಚಂದಂಗ ಉರಿಯಾಕತ್ತಿತ್ತು" ಎಂದು ಅತ್ತೆ. ಇಂಗಾಲದ ಹೆಸರನ್ನು ಒಂದು ಸಲವೂ ಎತ್ತಲಿಲ್ಲ, ನೆನಪೂ ಇರಲಿಲ್ಲ.

ಗಂಗವ್ವ ನನ್ನ ಮುಖವನ್ನೇ ನೋಡಿದಳು. "ಇಷ್ಟ ಹೆದರ್ಯಾಳಂದ್ರ ಸುಳ್ಳಲ್ಲ ಇದು" ಎಂದು ಮಗಳ ಕೈಯಿಂದ ಪಣತಿ ಇಸಿದುಕೊಂಡು, ಬುಟ್ಟಿಯಲ್ಲಿಟ್ಟು, ಹಗ್ಗ ಕಟ್ಟಿ ತಾನೇ ಇಳಿಬಿಟ್ಟಳು. ಒಂದು ಮೊಳ ಉರಿಯಿತು. ಎರಡು ಮೊಳ ಉರಿಯಿತು. ಮೂರನೆಯ ಮೊಳಕ್ಕೆ ಯಾರೋ ಬೆರಳಿಂದ ಒತ್ತಿದಂತೆ ಆರಿತು. "ಮತ್ತ ಹಚ್ಚ" ಎಂದಳು. ಹಚ್ಚಿ ಇಳಿಸಿದರೆ ಅಲ್ಲಿಯೇ ಆರಿತು. ಬಸಪ್ಪ ನಡದ ಹಗ್ಗ ಬಿಚ್ಚತೊಡಗಿದ. ಅವನ ಬೆರಳಿಗೆ ಗಂಟು ಸಿಗುತ್ತಿರಲಿಲ್ಲ.

ಆ ಮೇಲೆ ಸುತ್ತಲಿನ ಊರುಗಳಲ್ಲಿ ಹಗೇವು ತೆಗೆಯುವಾಗ ಗಂಗವ್ವನಿಗೆ ಕರೆ ಬರತೊಡಗಿತು. ಸಹಿ ಮಾಡಲು ಬಾರದ ಹೆಂಗಸು ಸೊಂಟಕ್ಕೆ ಸೆರಗು ಸಿಗಿಸಿ ಗಂಡಸರನ್ನು ಗದರುತ್ತಿದ್ದಳು: "ತಾಯಿನ್ನ ಬಾಯಾಗ ಕೇಳಬ್ಯಾಡ್ರಿ, ತಳದಾಗ ಕೇಳ್ರಿ!" ಮಾಸ್ತರ್ರು ಮೊದಲು ಮುಖ ಹುಳ್ಳಗೆ ಮಾಡಿದರು, ಆಮೇಲೆ ತಮ್ಮ ಹಗ್ಗವನ್ನೇ ಅವಳಿಗೆ ಕೊಟ್ಟರು. ನಾನೂ ಜೊತೆಗೆ ಹೋಗಿ ಕಾಕಾನ ಕತೆ ಹೇಳುತ್ತಿದ್ದೆ. ಆದರೆ ದೀಪ ತಳ ಮುಟ್ಟಿಯೂ ಉರಿದಾಗ ಅದನ್ನು ಕೂಗಿ ಹೇಳುವ ಕೆಲಸ ಗಂಗವ್ವನದು. ಆ ಒಂದು ಮಾತು ನನ್ನ ಬಾಯಿಂದ ಹೊರಡುತ್ತಿರಲಿಲ್ಲ.

ಈಗ ಹಗೇವುಗಳಿಲ್ಲ, ಜೋಳದ ಹೊಲಗಳಿಗೆ ಕಬ್ಬು ಬಂದಿದೆ. ಗಂಗವ್ವನೂ ಇಲ್ಲ.

ಸಂಪಿನ ಬಾಯಲ್ಲಿ ಕುಳಿತು ಹಗ್ಗ ಬಿಟ್ಟೆ. ಪಣತಿ ಇಳಿಯಿತು, ತಳದ ಕೆಸರಿನ ಮೇಲೆ ಕುಳಿತಿತು, ಉರಿಯುತ್ತಲೇ ಇತ್ತು. ಮೇಲೆಳೆದು ಇನ್ನೊಂದು ಮೂಲೆಗೆ ಬಿಟ್ಟೆ. ಅಲ್ಲೂ ಉರಿಯಿತು. ಸಿದ್ದಪ್ಪನ ನಗು ಎಲ್ಲೋ ಹೋಗಿತ್ತು. ನನ್ನ ಪಕ್ಕದಲ್ಲೇ ಬಗ್ಗಿ ನೋಡುತ್ತಿದ್ದ.

"ಏನ್ರಿ ಆಯಿ, ಇಳೀಲೇನ್ರಿ?"

ಅಕ್ಕಪಕ್ಕ ನೋಡಿದೆ. ಹೇಳಲು ಬೇರೆ ಯಾರೂ ಇರಲಿಲ್ಲ. ಹಗ್ಗದ ತುದಿಯನ್ನು ಅವನ ನಡಕ್ಕೆ ಬಿಗಿದೆ, ಇನ್ನೊಂದು ತುದಿಯನ್ನು ನನ್ನ ಮುಂಗೈಗೆ ಎರಡು ಸುತ್ತು ಸುತ್ತಿಕೊಂಡೆ.

"ಉರಿಯಾಕತ್ತೈತಿ" ಎಂದೆ. "ಇಳಿ. ಆದ್ರ ಮಾತಾಡ್ಕೋತ ಇರಪಾ."