ಅಂಕಿಯ ತಲೆ ಯಾವ ಕಡೆ

ದಾರಿ ಹುಡುಕುವುದೇ ಹೊಟ್ಟೆಪಾಡಾದ ಮನುಷ್ಯನಿಗೆ ದಾರಿಯ ಗಂಧವೇ ಇರಲಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಬೆಳಗಿನಿಂದ ಸಂಜೆಯವರೆಗೆ ಬೆನ್ನಿಗೊಂದು ಚೀಲ ಏರಿಸಿಕೊಂಡು ಮನೆಮನೆಗೆ ಸಾಮಾನು ಮುಟ್ಟಿಸುವ ಕೆಲಸ ಅವನದು. ಕಿವಿಯೊಳಗೆ ಫೋನಿನ ಹೆಂಗಸು ಎಡಕ್ಕೆ ಎಂದರೆ ಎಡಕ್ಕೆ, ಬಲಕ್ಕೆ ಎಂದರೆ ಬಲಕ್ಕೆ. ಒಮ್ಮೆ ಅವಳ ಮಾತು ನಂಬಿ ಯಾರದೋ ಹಿತ್ತಲಿಗೆ ನುಗ್ಗಿ, ಒಣಹಾಕಿದ ಬಟ್ಟೆಗೆ ಸಿಕ್ಕಿಕೊಂಡು, ತಲೆಯ ಮೇಲೆ ಲಂಗ ಹೊತ್ತು ಹೊರಬಂದಿದ್ದ. ಇನ್ನೊಮ್ಮೆ ಫೋನು ಸತ್ತುಹೋಗಿ, ಸ್ವಂತ ಮನೆಯಿಂದ ನಾಲ್ಕೇ ಬೀದಿ ಆಚೆ ನಿಂತು, ಅಂಗಡಿಯವನ ಫೋನಿನಿಂದ ಅಣ್ಣನನ್ನು ಕರೆಸಿಕೊಂಡಿದ್ದ. ಅಣ್ಣ ಬಂದವನೇ, "ಬಾ, ನಿನ್ನನ್ನೇ ಪಾರ್ಸಲ್ ಮಾಡಿ ಮನೆಗೆ ಮುಟ್ಟಿಸ್ತೀನಿ" ಎಂದ. ಅಲ್ಲಿಂದ ಮುಂದೆ ಮನೆಯಲ್ಲಿ ಅವನ ಹೆಸರು ಪಾರ್ಸಲ್ ಎಂದೇ ನಿಂತುಬಿಟ್ಟಿತು.

ಆ ಮನೆಯಲ್ಲಿ ನಕ್ಷೆ ಓದುವುದನ್ನು ಕೊನೆಗೂ ಸರಿಯಾಗಿ ಕಲಿತವರು ಅವನ ಅತ್ತಿಗೆ. ಹೊಟ್ಟೆಪಾಡಿಗೆ ಅವರಿಗೆ ಅದು ಬೇಕಾಗಿರಲಿಲ್ಲ.

ಅತ್ತಿಗೆ ಟೈಲರ್. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ: ಎರಡು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಉದ್ದನೆ ಮೇಜು, ಮೂಲೆಯಲ್ಲಿ ಕಾಲಿಲ್ಲದ ಕನ್ನಡಿ. ಸದಾ ತುಟಿಗಳ ನಡುವೆ ನಾಲ್ಕಾರು ಗುಂಡುಪಿನ್ನು ಕಚ್ಚಿಕೊಂಡಿರುತ್ತಿದ್ದರಿಂದ ಅವರ ಮಾತೆಲ್ಲ ತುಂಡು ತುಂಡು. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ, ಅಂದರೆ ಪಾರ್ಸಲ್‌ನ ಅಮ್ಮ, "ಸೊಸೆಗೆ ಜಂಭ, ಬಾಯೇ ಬಿಡಲ್ಲ" ಎಂದುಕೊಂಡಿದ್ದರಂತೆ. ಆಮೇಲೆ ಪಿನ್ನು ಕಂಡು ನಕ್ಕರಂತೆ.

ಅಣ್ಣ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್. ವರ್ಷಗಟ್ಟಲೆ ಪೇಟೆಯ ಕಂಬ ಹತ್ತಿದವನನ್ನು ಬೆಟ್ಟಗಳ ಮೇಲೆ ಹಾದುಹೋಗುವ ದೊಡ್ಡ ಟವರುಗಳ ಗಸ್ತಿಗೆ ಹಾಕಿದರು. ತಂತಿಗೆ ಮರ ತಾಗಿದೆಯೇ, ಟವರಿನ ಕಾಲು ಸಡಿಲವಾಗಿದೆಯೇ ಎಂದು ನಡೆದೇ ನೋಡಿ ಬರಬೇಕು. ಅದಕ್ಕೆಂದು ಕೊಟ್ಟ ನಕ್ಷೆಯ ಹಾಳೆಯನ್ನು ಒಂದು ಸಂಜೆ ಅವನು ಅತ್ತಿಗೆಯ ಮೇಜಿನ ಮೇಲೆ ಹರವಿದ. ಕಂದು ಗೆರೆಗಳು ಹಾಳೆಯ ತುಂಬ ಸುತ್ತಿಕೊಂಡು ಮಲಗಿದ್ದವು. ಅಣ್ಣ ಚಹಾ ಲೋಟವನ್ನು ಅದರ ಮೇಲೇ ಇಟ್ಟ.

"ಲೋ ಪಾರ್ಸಲ್, ಆ ಫೋನ್ ಬಿಟ್ಟು ಇಲ್ಲಿ ನೋಡೋ. ಇದು ಅಸಲಿ. ಮಾತಾಡಲ್ಲ, ಚಾರ್ಜ್ ಕೇಳಲ್ಲ."

"ಮಾತಾಡದೇ ಇದ್ರೆ ದಾರಿ ಹೇಗಣ್ಣಾ ಹೇಳತ್ತೆ?"

"ಓದ್ಬೇಕು ಕಣೋ. ಇದು ಟವರು. ಇದು ರಸ್ತೆ, ಜೀಪು ನಿಲ್ಲೋ ಜಾಗ. ಎಲ್ರೂ ಸುತ್ತಿ ಬಳಸಿ ಇಳೀತಾರೆ, ದಡ್ರು. ಇಲ್ನೋಡು, ಬೆಟ್ಟದ ಬೆನ್ನು ಮೂತಿ ಥರ ಮುಂದೆ ಚಾಚಿದೆ. ಇದನ್ನ ಹಿಡಿದ್ರೆ ನೆಟ್ಟಗೆ ರಸ್ತೆಗೆ. ಮನೆ ಮೆಟ್ಲು ಇಳಿದ ಹಾಗೆ."

ಅವನ ಬೆರಳು ಟವರಿನಿಂದ ಹೊರಟು, ಲೋಟದ ಪಕ್ಕದಲ್ಲೇ ಹಾದು, ರಸ್ತೆಗೆ ಬಂದು ನಿಂತಿತು.

"ಲೋಟ ಎತ್ತಿ, ಕಲೆಯಾಗತ್ತೆ" ಎಂದರು ಅತ್ತಿಗೆ, ಪಿನ್ನುಗಳ ಸಂದಿಯಿಂದ. ಅಷ್ಟರಲ್ಲಿ ಕಲೆ ಆಗಿಹೋಗಿತ್ತು, ಗುಂಡಗೆ, ಬಳೆಯ ಹಾಗೆ.

ಮುಂದಿನ ವಾರ ಮಂಜು ಕವಿದ ಒಂದು ಬೆಳಿಗ್ಗೆ ಅಣ್ಣ ಕಲೆಯಾದ ಹಾಳೆಯನ್ನು ಮನೆಯಲ್ಲೇ ಬಿಟ್ಟು, ಇಲಾಖೆಯಿಂದ ಇನ್ನೊಂದು ಹಾಳೆ ಪಡೆದು ಗಸ್ತಿಗೆ ಹೋದ. ಟವರಿನ ಹತ್ತಿರ ಜೊತೆಗಾರನಿಗೆ, "ನೀನು ಸುತ್ತಿ ಬಾ, ನಾನು ಬೆನ್ನು ಹಿಡಿದು ಇಳೀತೀನಿ. ನೀನು ಬರೋಷ್ಟರಲ್ಲಿ ಜೀಪಲ್ಲಿ ಒಂದು ನಿದ್ದೆ ಆಗಿರತ್ತೆ" ಎಂದನಂತೆ. ಜೊತೆಗಾರ ಬಂದಾಗ ಜೀಪು ಖಾಲಿ. ಸಂಜೆಯವರೆಗೂ ಖಾಲಿ.

ಹುಡುಕುವವರು ಬಂದರು, ನಾಯಿ ತಂದರು. ಬೆನ್ನು ಎಂದು ಕರೆಯಬಹುದಾದ ಪ್ರತಿಯೊಂದು ದಿಣ್ಣೆಯನ್ನೂ ಜಾಲಾಡಿದರು. ಪೊದೆಗಳು ಆಳೆತ್ತರ, ಮಂಜು ಬೇರೆ. ಕೊನೆಗೆ ಹುಡುಕಾಟ ನಿಲ್ಲಿಸಿ, ಪತ್ತೆಯಾಗಿಲ್ಲ ಎಂದು ಬರೆದರು. ಬದುಕಿದ್ದಾನೆ ಎಂದಿಲ್ಲ, ಇಲ್ಲ ಎಂದೂ ಇಲ್ಲ.

ಆ ಖಾಲಿಯಲ್ಲಿ ಊರಿನ ಬಾಯಿ ಬೆಳೆಯಿತು. ಅಳತೆ ಕೊಡಲು ಬಂದವರು ಅತ್ತಿಗೆಯ ಮುಖ ನೋಡುತ್ತಾ, "ಗಂಡಸರನ್ನ ನಂಬಕ್ಕಾಗಲ್ಲಮ್ಮ. ಎಲ್ಲಾದ್ರೂ ಇನ್ನೊಂದು ಸಂಸಾರ ಹೂಡಿದಾರೇನೋ" ಎನ್ನುತ್ತಿದ್ದರು. ಅತ್ತಿಗೆ ಪಿನ್ನು ಕಚ್ಚಿಕೊಂಡೇ ತೋಳಿನ ಉದ್ದ ಅಳೆಯುತ್ತಿದ್ದರು. ಹೊಲಿಗೆ ಇಲ್ಲದಾಗಲೂ ಈಗ ಅವರ ಬಾಯಲ್ಲಿ ಪಿನ್ನು ಇರುವುದನ್ನು ಪಾರ್ಸಲ್ ಗಮನಿಸಿದ.

ವಿಚಿತ್ರವೆಂದರೆ, ಆ ಮಾತು ಅಮ್ಮನಿಗೆ ಹಿಡಿಸಿತು. "ಹಾಗೇ ಆಗಿದ್ರೂ ಸರಿ ಕಣೋ" ಎಂದಳು ಅಮ್ಮ ಒಂದು ದಿನ, ಗೇಟಿನ ಕಡೆ ಕಣ್ಣಿಟ್ಟುಕೊಂಡೇ. "ಎಲ್ಲೋ ಇದಾನಲ್ಲ. ಎರಡು ತುತ್ತು ತಿಂತಿದಾನಲ್ಲ." ಗೇಟಿನ ಚಿಲಕ ಸದ್ದಾದಾಗಲೆಲ್ಲ ಅವಳು ಏಳುತ್ತಿದ್ದಳು. ಬಹಳ ಸಲ ಬಂದವನು ಪಾರ್ಸಲ್ಲೇ ಆಗಿರುತ್ತಿದ್ದ. ಅವಳ ಮುಖ ಇಳಿಯುವುದನ್ನು ನೋಡಿ ನೋಡಿ ಅವನು ಚಿಲಕಕ್ಕೆ ಎಣ್ಣೆ ಹಾಕಿದ. ಕೆಲಸಕ್ಕೆ ಬಾರದವನಿಗೆ ಹೊಳೆಯುವ ಉಪಾಯವೇ ಅಷ್ಟು. ಸದ್ದಿಲ್ಲದ ಗೇಟನ್ನು ಅಮ್ಮ ಈಗ ಇಡೀ ದಿನ ಕಣ್ಣಲ್ಲೇ ಕಾಯಬೇಕಾಯಿತು.

ಒಂದು ಭಾನುವಾರ ಅತ್ತಿಗೆ ಕಲೆಯಾದ ಹಾಳೆಯನ್ನು ಮೇಜಿನ ಮೇಲೆ ಹಾಸಿದರು. "ನೀನು ದಿನಾ ಮ್ಯಾಪ್ ನೋಡ್ಕೊಂಡೇ ತಿರುಗ್ತೀಯಲ್ಲ. ಇದನ್ನ ಓದೋದು ಹೇಳ್ಕೊಡು."

ಪಾರ್ಸಲ್ ಗಂಭೀರವಾಗಿ ಬಗ್ಗಿ, ದೊಡ್ಡದು ಮಾಡಲೆಂದು ಎರಡು ಬೆರಳಿಟ್ಟು ಕಾಗದವನ್ನು ಹಿಗ್ಗಿಸಿದ.

"ಹರೀತೀಯ" ಎಂದರು ಅತ್ತಿಗೆ.

ಕಲಿಸಿದವರು ಭೂಗೋಳದ ಟೀಚರ್. ಅತ್ತಿಗೆಯ ಹಳೆಯ ಗಿರಾಕಿ, ಅಂಗಿ ಹೊಲಿಸಲು ಬಂದಿದ್ದರು. ಎದೆಯ ಸುತ್ತ ಟೇಪು ಸುತ್ತಿಸಿಕೊಂಡು, ಎರಡೂ ಕೈ ಚಾಚಿ ನಿಂತೇ ಪಾಠ ಶುರು ಮಾಡಿದರು. ಬಲಗೈ ಮುಷ್ಟಿ ಕಟ್ಟಿ, "ನಿಮ್ಮ ಚಾಕ್ ತಗೊಳ್ಳಿ. ಈ ಗೆಣ್ಣಿನ ಸುತ್ತ ಒಂದು ಬಳೆ ಬರೀರಿ. ಅದರ ಕೆಳಗೆ ಇನ್ನೊಂದು. ಗೆಣ್ಣುಗಳ ಮಧ್ಯ ಬಂದಾಗ ಗೆರೆ ಒಳಗೆ ಹೋಗ್ಲಿ" ಎಂದರು. ಅತ್ತಿಗೆ ಬರೆದರು. ಟೀಚರ್ ಮುಷ್ಟಿ ಬಿಚ್ಚಿ ಅಂಗೈ ಚಪ್ಪಟೆ ಮಾಡಿದರು. ಕೈಯ ಹಿಂಬದಿಯಲ್ಲಿ, ಬೆಟ್ಟವೇ ಇಲ್ಲದ ಜಾಗದಲ್ಲಿ, ಬೆಟ್ಟದ ಗೆರೆಗಳು ಮಾತ್ರ ಉಳಿದವು. "ಇಷ್ಟೇ ನೋಡಿ ನಕ್ಷೆ ಅಂದ್ರೆ. ಒಂದು ಗೆರೆ ಉದ್ದಕ್ಕೂ ಒಂದೇ ಎತ್ತರ. ನೀವು ಓದುವಾಗ ಮನಸ್ಸಲ್ಲೇ ಮತ್ತೆ ಮುಷ್ಟಿ ಕಟ್ಟಬೇಕು."

ಅತ್ತಿಗೆಯ ತಲೆಗೆ ಅದು ಒಂದೇ ಏಟಿಗೆ ಹತ್ತಿತು. ಚಪ್ಪಟೆ ಬಟ್ಟೆಯನ್ನು ದುಂಡು ಮೈಗೆ ಕೂರಿಸುವುದೇ ಅವರ ಕೆಲಸವಲ್ಲವೇ. ಗೆರೆಗಳು ಒತ್ತೊತ್ತಾಗಿ ಬಂದರೆ "ಇಲ್ಲಿ ನೆರಿಗೆ ಹಿಡಿದಿದೆ, ಕಡಿದಾದ ಇಳಿಜಾರು" ಎನ್ನುವರು. ದೂರ ದೂರ ಇದ್ದರೆ "ಇಲ್ಲಿ ಸಡಿಲ ಬಿಟ್ಟಿದಾರೆ". ಅಂಕುಡೊಂಕು ದಾರಿಯ ಮೇಲೆ ದಾರ ಹಾಸಿ, ಆ ದಾರವನ್ನು ಟೇಪಿಗೆ ಹಿಡಿದು ದೂರ ಅಳೆಯುವರು. ಪಾರ್ಸಲ್ ಊರೆಲ್ಲ ಸುತ್ತಿ ಬರುವಷ್ಟರಲ್ಲಿ ಕುರ್ಚಿಯಲ್ಲಿ ಕೂತೇ ಅವರು ಎರಡು ಬೆಟ್ಟ ಹತ್ತಿ ಇಳಿದಿರುತ್ತಿದ್ದರು.

ಅಮ್ಮ ಬಾಗಿಲಲ್ಲಿ ನಿಂತು ನೋಡುವಳು. "ಆ ಕಾಗದ ಓದೋದ್ ಕಲ್ತು ಏನ್ಮಾಡ್ತೀಯಮ್ಮಾ?"

"ಸುಮ್ನೆ ಅತ್ತೆ. ಕೈಗೆ ಕೆಲ್ಸ."

ಮುಂದಿನ ಸಲ ಟೀಚರ್ ಅಂಗಿ ತೊಟ್ಟು ನೋಡಲು ಬಂದಾಗ ಇಬ್ಬರಿಗೂ ಪರೀಕ್ಷೆ ಇಟ್ಟರು. ಹಾಳೆಯ ಒಂದು ಮೂಲೆ ತೋರಿಸಿ, "ಇದೇನು?" ಎಂದರು. ಗೆರೆಗಳು ಒಂದರ ಹಿಂದೊಂದು ಮೂತಿ ಚಾಚಿದ್ದವು. ಪಾರ್ಸಲ್ ಎದೆಯುಬ್ಬಿಸಿ ಹೇಳಿದ: "ಬೆಟ್ಟದ ಬೆನ್ನು. ಮೂತಿ ಮುಂದೆ ಬಂದಿದೆ."

"ಹೋಗಿ, ಹಳ್ಳಕ್ಕೆ ಬಿದ್ರಿ. ಅದು ಕೊರಕಲು" ಎಂದರು ಟೀಚರ್. "ಎಲ್ಲ ಹೊಸಬರೂ ಮಾಡೋ ತಪ್ಪೇ. ಬೆನ್ನೂ ಕೊರಕಲೂ ನೋಡಕ್ಕೆ ಒಂದೇ ಥರ ಮೂತಿ. ಬೆನ್ನಿನ ಮೂತಿ ಇಳಿಜಾರಿನ ಕಡೆ, ಕೊರಕಲಿನ ಮೂತಿ ಏರಿನ ಕಡೆ. ನೀರಿಲ್ಲದ ಸಣ್ಣ ಕೊರಕಲಿಗೆ ನೀಲಿ ಗೆರೆನೂ ಹಾಕಿರಲ್ಲ. ಗೆರೆ ಮೇಲೆ ಎತ್ತರದ ಅಂಕಿ ಇದೆಯಲ್ಲ, ಅದರ ತಲೆ ನೋಡಿ. ಅಂಕಿಯ ತಲೆ ಯಾವಾಗ್ಲೂ ಏರಿನ ಕಡೆಗೆ. ಅಂಕಿ ನೆಟ್ಟಗೆ ಕಾಣೋ ಹಾಗೆ ಹಾಳೆ ತಿರುಗಿಸ್ಕೊಂಡ್ರೆ, ನೀವು ಬೆಟ್ಟಕ್ಕೆ ಮುಖ ಮಾಡಿ ನಿಂತಿದೀರಿ ಅಂತ ಅರ್ಥ."

ಅತ್ತಿಗೆ ಬಾಯಿಂದ ಪಿನ್ನು ತೆಗೆದು ನಕ್ಕರು. ಅಣ್ಣ ಹೋದ ಮೇಲೆ ಅದೇ ಮೊದಲು. "ಟೀಚರ್, ಇವನು ಮನೆ ಮೆಟ್ಲಲ್ಲೂ ಮೇಲೆ ಯಾವ್ದು ಕೆಳಗೆ ಯಾವ್ದು ಅಂತ ಫೋನಿಗೆ ಕೇಳ್ತಾನೆ." ಪಾರ್ಸಲ್ಲೂ ನಕ್ಕ. ಅವರು ನಗುವುದಾದರೆ ದಿನಕ್ಕೊಂದು ಸಲ ಹಳ್ಳಕ್ಕೆ ಬೀಳಲು ಅವನು ತಯಾರಿದ್ದ.

ಟೀಚರ್ ಹೋದ ಮೇಲೂ ಅತ್ತಿಗೆಯ ತುಟಿಯಲ್ಲಿ ನಗುವಿನ ಅಂಚು ಉಳಿದಿತ್ತು. ಹಾಗೇ ಕೇಳಿದರು: "ಅವತ್ತು ನಿಮ್ಮಣ್ಣ ಬೆರಳಿಟ್ಟು ತೋರಿಸಿದ್ರಲ್ಲ. ನಾನು ಕಾಜ ಹೊಲೀತಿದ್ದೆ, ಸರಿಯಾಗಿ ನೋಡ್ಲಿಲ್ಲ. ನೀನು ಎದುರಿಗೇ ಇದ್ದೆ. ಎಲ್ಲಿಂದ ಎಲ್ಲಿಗೆ?"

ಪಾರ್ಸಲ್‌ಗೆ ಹಾಳೆಯ ಉಳಿದದ್ದೊಂದೂ ನೆನಪಿರಲಿಲ್ಲ, ಲೋಟ ಮಾತ್ರ ನೆನಪಿತ್ತು. ಚಹಾದ ಬಳೆ ಇನ್ನೂ ಅಲ್ಲೇ ಇತ್ತು. ಅವನು ಟವರಿನ ಮೇಲೆ ಬೆರಳಿಟ್ಟು, ಬಳೆಯ ಅಂಚಿಗೇ ತಾಗಿಸಿ ರಸ್ತೆಗೆ ಎಳೆದ. ಅತ್ತಿಗೆ ಬೆರಳ ಹಿಂದೆಯೇ ಪಿನ್ನು ಚುಚ್ಚುತ್ತಾ ಬಂದರು. ಅರ್ಧದಲ್ಲಿ ಅವರ ಕೈ ನಿಂತಿತು. ಹಾಳೆಯನ್ನು ಮೆಲ್ಲಗೆ ತಿರುಗಿಸಿದರು. ಅಂಕಿ ನೆಟ್ಟಗಾಯಿತು. ಈಗ ರಸ್ತೆ ಅವರ ಎದೆಯ ಹತ್ತಿರ, ಟವರು ಆಚೆ ತುದಿಯಲ್ಲಿ. ಗೆರೆಗಳ ಮೂತಿಯೆಲ್ಲ ಏರಿನ ಕಡೆಗೇ, ಟವರಿಗೇ ಚಾಚಿತ್ತು.

ನೀಲಿ ಗೆರೆ ಇಲ್ಲ. ಮೇಲ್ಗಡೆ ಗೆರೆಗಳು ಸಡಿಲ, ಮಂಜಿನಲ್ಲಿ ನಡೆದರೆ ಕಾಲಿಗೆ ಇಳಿಜಾರೇ ತಿಳಿಯದಷ್ಟು. ಅಲ್ಲಿಂದ ಕೆಳಗೆ, ಬಳೆಯ ಪಕ್ಕದಲ್ಲಿ, ನೆರಿಗೆ ಹಿಡಿದುಬಿಟ್ಟಿತ್ತು, ಒಂದರ ಮೇಲೊಂದು.

"ಅವರೂ ನಿನ್ನ ಹಾಗೇ ಓದಿದಾರೆ" ಎಂದರು ಅತ್ತಿಗೆ.

ಸ್ವಲ್ಪ ಹೊತ್ತಿನ ಹಿಂದೆ ಇದೇ ಮೇಜಿನ ಮುಂದೆ ಆ ತಪ್ಪಿಗೆ ಇಬ್ಬರೂ ನಕ್ಕಿದ್ದರು.

ಒಳಗೆ ಅಮ್ಮ ಕೆಮ್ಮಿದಳು. ಪಾರ್ಸಲ್ ದನಿ ತಗ್ಗಿಸಿದ. "ಅತ್ತಿಗೆ, ಬೇಡ. ನಾವು ತಪ್ಪು ಓದಿರ್ಬಹುದು. ಅಮ್ಮ ಆ ಗೇಟು ನೋಡ್ಕೊಂಡೇ ಜೀವ ಹಿಡಿದಿದಾಳೆ."

"ಗೊತ್ತು."

"ಎಲ್ಲೋ ಇದಾನೆ ಅಂದ್ಕೊಂಡಿದಾಳೆ."

"ಎಲ್ಲೋ ಅಲ್ಲಪ್ಪ" ಎಂದರು ಅತ್ತಿಗೆ. ಅವರ ಬೆರಳು ಪಿನ್ನಿನ ಮೇಲಿತ್ತು. "ಇಲ್ಲಿದಾರೆ. ಒಬ್ಬರೇ ಇದಾರೆ. ಅವರನ್ನ ಬಿಟ್ಟು ನಾನು ಇನ್ನೆಷ್ಟು ದಿನ ಊರವರ ಅಂಗಿ ಹೊಲೀಲಿ?"

ಅತ್ತಿಗೆ ಕಾರಣ ಹೇಳದೆ ಜಾಗವನ್ನಷ್ಟೇ ತೋರಿಸಿದರು. ಇಲಾಖೆಯ ಸಾಹೇಬರು ಮೊದಲು ನಂಬಲಿಲ್ಲ, ಆಮೇಲೆ ಜೀಪು ಕೊಟ್ಟರು. ಜೊತೆಗಾರನೂ ಇನ್ನಿಬ್ಬರು ಕೆಲಸಗಾರರೂ ಹಗ್ಗ ತಂದರು. ರಸ್ತೆಯಿಂದ ಕೊರಕಲಿನೊಳಗೆ ಏರುವಾಗ ಅತ್ತಿಗೆ ಹಾಳೆಯನ್ನು ಮಡಿಸಿ ಎದೆಗೆ ಹಿಡಿದುಕೊಂಡು ಎಲ್ಲರಿಗಿಂತ ಮುಂದಿದ್ದರು. ಪಾರ್ಸಲ್ ಏದುಸಿರು ಬಿಡುತ್ತಾ ಹಿಂದೆ. ಬಂಡೆಗಳು ಗೋಡೆಯ ಹಾಗೆ ಎದ್ದ ಕಡೆ ಅತ್ತಿಗೆ ನಿಂತರು. "ಚಹಾದ ಬಳೆ ಇರೋದು ಇಲ್ಲೇ" ಎಂದರು. ಗೋಡೆಯ ಬುಡದಲ್ಲಿ, ಪೊದೆಯೊಳಗೆ, ಜೊತೆಗಾರನಿಗೆ ಮೊದಲು ಕಂಡದ್ದು ಹಳದಿ ಹೆಲ್ಮೆಟ್ಟು.

ಉಳಿದದ್ದನ್ನು ಪಾರ್ಸಲ್ ಯಾರಿಗೂ ಹೇಳಿಲ್ಲ.

ಕೆಳಗಿಳಿದ ಮೇಲೆ, ರಸ್ತೆಯಲ್ಲಿ ಕಾಯುತ್ತಿದ್ದ ಸಾಹೇಬರು ಕೇಳಿದರು: "ಇಲ್ಲೇ ಅಂತ ನಿಮಗೆ ಹೇಗಮ್ಮಾ ಗೊತ್ತಾಯ್ತು? ಅವನು ಬೆನ್ನು ಹಿಡಿದು ಇಳೀತೀನಿ ಅಂದಿದ್ನಲ್ಲ?"

ಅತ್ತಿಗೆ ಸೆರಗಿನಿಂದ ಮುಖ ಒರೆಸಿಕೊಂಡರು. "ಬೆನ್ನು ಹಿಡಿದೇ ಇಳೀತಿದ್ರು ಸಾರ್. ಮಂಜಿತ್ತಲ್ಲ. ಪಕ್ಕಕ್ಕೆ ಬಂದ್ಬಿಟ್ಟಿದಾರೆ. ನಕ್ಷೆ ಅವರಿಗೆ ಚೆನ್ನಾಗಿ ಬರ್ತಿತ್ತು."

ಪಾರ್ಸಲ್ ತಲೆ ತಗ್ಗಿಸಿ ತನ್ನ ಬೂಟಿನ ಕೆಸರು ನೋಡಿದ. ಜೊತೆಗಾರ, "ಹೌದು ಸಾರ್, ಎಲ್ಲ ಬಾಯಿಪಾಠ ಅವನಿಗೆ" ಎಂದ.

ಎಲ್ಲ ಮುಗಿದು, ಬಂದವರೆಲ್ಲ ಹೋದ ಮೇಲೆ ಅಮ್ಮ ಮುಂದಿನ ಕೋಣೆಗೆ ಬಂದು ಮೇಜಿನ ಪಕ್ಕ ಕೂತಳು. ಅಷ್ಟು ದಿನದಲ್ಲಿ ಮೊದಲ ಸಲ ಗೇಟಿಗೆ ಬೆನ್ನು ಹಾಕಿ ಕೂತಿದ್ದಳು. "ಎಲ್ಲಿದ್ದ ಅಂತ ತೋರಿಸಮ್ಮ" ಎಂದಳು.

ಅತ್ತಿಗೆ ಹಾಳೆ ಬಿಚ್ಚಿದರು. ಅಮ್ಮ ಗೆರೆಗಳನ್ನು ನೋಡಿದಳು, ಸೊಸೆಯ ಮುಖ ನೋಡಿದಳು. "ಇದು ನಂಗೆ ತಿಳಿಯಲ್ಲ ಕಣೇ."

ಅತ್ತಿಗೆ ಹಾಳೆಯನ್ನು ಪಕ್ಕಕ್ಕೆ ಸರಿಸಿ ಅತ್ತೆಯ ಬಲಗೈ ತೆಗೆದುಕೊಂಡರು. ಒಂದೊಂದೇ ಬೆರಳು ಮಡಿಸಿ ಮುಷ್ಟಿ ಕಟ್ಟಿಸಿದರು. ಸುಕ್ಕುಗಟ್ಟಿದ ಕೈಯಲ್ಲಿ ಗೆಣ್ಣುಗಳು ಎದ್ದು ನಿಂತವು. ಎರಡು ಗೆಣ್ಣುಗಳ ನಡುವಿನ ತಗ್ಗಿನಲ್ಲಿ ತಮ್ಮ ಬೆರಳಿಟ್ಟು, "ಇಲ್ಲಿ ಅತ್ತೆ" ಎಂದರು.

ಅಮ್ಮ ಬಹಳ ಹೊತ್ತು ನೋಡಿದಳು. ಎಡಗೈಯಿಂದ ಆ ತಗ್ಗನ್ನು ಸವರಿದಳು.

ಪಾರ್ಸಲ್ ನೀರು ತಂದುಕೊಟ್ಟ. ಅಮ್ಮ ಲೋಟವನ್ನು ಎಡಗೈಯಲ್ಲಿ ಹಿಡಿದು ಕುಡಿದಳು. ಎದ್ದು ಒಳಗೆ ಹೋಗುವಾಗ ಬಾಗಿಲನ್ನು ಮೊಣಕೈಯಿಂದ ತಳ್ಳಿದಳು. ಮಲಗುವವರೆಗೂ ಅವಳು ಆ ಮುಷ್ಟಿ ಬಿಚ್ಚಲಿಲ್ಲ.