ಅಂದಾನಪ್ಪನ ಎಡಗೈ

ಸಂಡೂರಿನ ಗುಡ್ಡದ ಮೇಲಿನ ಖಾಸಗಿ ಗಣಿಯೊಂದರ ಪ್ರಯೋಗಾಲಯದಲ್ಲಿ ಅಂದಾನಪ್ಪ ಮೂವತ್ತೊಂದು ವರ್ಷ ದುಡಿದರು. ಅದಿರಿನ ಸ್ಯಾಂಪಲ್ ತಯಾರಿಸುವುದು ಅವರ ಕೆಲಸ. ಲಾರಿಯಿಂದ ತೆಗೆದ ಅದಿರನ್ನು ಪುಡಿ ಮಾಡಿ, ತಗಡಿನ ಮೇಲೆ ಗುಡ್ಡೆ ಹಾಕಿ, ಮೇಲಿನಿಂದ ಒತ್ತಿ ಚಪ್ಪಟೆ ಮಾಡಿ, ಉದ್ದಕ್ಕೊಂದು ಅಡ್ಡಕ್ಕೊಂದು ಗೆರೆ ಎಳೆದು ನಾಲ್ಕು ಪಾಲು ಮಾಡುತ್ತಿದ್ದರು. ಎದುರುಬದುರಿನ ಎರಡು ಪಾಲು ಇಟ್ಟುಕೊಂಡು ಉಳಿದೆರಡನ್ನು ಆಚೆ ತಳ್ಳುವುದು. ಇಟ್ಟುಕೊಂಡದ್ದನ್ನು ಮತ್ತೆ ಗುಡ್ಡೆ ಹಾಕಿ ಮತ್ತೆ ನಾಲ್ಕು ಪಾಲು. ಹೀಗೆ ಒಂದು ಲಾರಿಯ ಅದಿರು ಕೊನೆಗೆ ಒಂದು ಹಿಡಿಯಾಗಿ ನನ್ನ ಮೇಜಿಗೆ ಬರುತ್ತಿತ್ತು. ಅದರಲ್ಲಿ ಕಬ್ಬಿಣ ಎಷ್ಟಿದೆ ಎಂದು ನೋಡುವುದು ನನ್ನ ಕೆಲಸ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಸಂಶಯ ಬಂದು, ಅವರು ಆಚೆ ತಳ್ಳಿದ್ದ ಪಾಲನ್ನೂ ಪರೀಕ್ಷಿಸಿ ನೋಡಿದೆ. ಎರಡರ ನಡುವೆ ಹೇಳುವಂಥ ವ್ಯತ್ಯಾಸವಿರಲಿಲ್ಲ. ಮತ್ತೆಂದೂ ನೋಡಲಿಲ್ಲ.

ಅಲ್ಲಿ ಕೆಲಸ ಮಾಡುವ ಎಲ್ಲರ ಕೈಯೂ ಕೆಂಪು. ಧೂಳು ಅಂಗೈಯ ಗೆರೆಗಳಲ್ಲಿ ಕೂತುಬಿಡುತ್ತದೆ, ಸೋಪಿಗೆ ಹೋಗುವುದಿಲ್ಲ. ಅಂದಾನಪ್ಪನವರ ಬಲಗೈಯೂ ಹಾಗೇ ಇತ್ತು. ಆದರೆ ಎಡಗೈ ಮಾತ್ರ ಗುಮಾಸ್ತನ ಕೈಯಂತೆ ಬೆಳ್ಳಗೆ. ಕೇಳಿದ್ದಕ್ಕೆ ಹೇಳಿದ್ದರು: "ದಿನಾ ಮುಂಜಾನೆ ಅಂಟವಾಳಕಾಯಿ ಹಚ್ಚಿ ತಿಕ್ಕತೀನ್ರಿ ಸರ. ಬಲಗೈ ಕಂಪನೀದು. ಎಡಗೈ ಶಿವಂದು."

ಅವರು ಲಿಂಗವಂತರು. ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಬೆಳಿಗ್ಗೆ ಸ್ನಾನ ಮಾಡಿ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು, ಬಲಗೈಯಿಂದ ವಿಭೂತಿ ಹಚ್ಚಿ ಪತ್ರಿ ಏರಿಸಿ ಪೂಜಿಸುವುದು. ಅದಾಗದೆ ಬಾಯಿಗೆ ನೀರು ಹಾಕುತ್ತಿರಲಿಲ್ಲ. ಒಬ್ಬಳೇ ಮಗಳು ತ್ರಿವೇಣಿ ಒಂಬತ್ತನೆಯ ವಯಸ್ಸಿನಲ್ಲಿ ಡೆಂಗೀ ಜ್ವರದಿಂದ ಹೋದಳು. ಸ್ವಂತ ಊರಿನಲ್ಲಿ ಮಣ್ಣು ಮಾಡಿ ಬಂದ ಮರುದಿನವೂ ಪೂಜೆ ತಪ್ಪಲಿಲ್ಲ. ಗಣಿ ನಿಂತಿದ್ದ ದಿನಗಳಲ್ಲಿ ಕಂಪ್ಲಿಯ ಅಕ್ಕಿ ಗಿರಣಿಯೊಂದರಲ್ಲಿ ಚೀಲ ಹೊಲಿಯುತ್ತಿದ್ದರು, ಗಿರಣಿಯ ಹಿಂದಿನ ಶೆಡ್ಡಿನಲ್ಲೇ ಮಲಗುತ್ತಿದ್ದರು. ಅಲ್ಲಿಯೂ ತಪ್ಪಲಿಲ್ಲ. "ನಾ ಅವನ್ನ ಬಿಟ್ಟಿಲ್ಲ, ಅದಕ ಅವನೂ ನನ್ನ ಬಿಟ್ಟಿಲ್ಲ" ಎನ್ನುವರು. ಅವರ ನಂಬಿಕೆ ಇಷ್ಟು ಸರಳವಾಗಿತ್ತು. ಅದರ ಭಾರವೆಲ್ಲ ಅವರ ಕೈಯ ಮೇಲೆಯೇ ಇತ್ತು ಎಂಬುದು ಆಗ ಅವರಿಗೂ ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ.

ನಿವೃತ್ತರಾದ ಮೇಲೆ ಹೆಂಡತಿ ನೀಲಗಂಗಮ್ಮನವರೊಂದಿಗೆ ಸ್ವಂತ ಊರು ಮಲಪನಗುಡಿಗೆ ಬಂದರು. ನಾನೂ ಹೊಸಪೇಟೆಗೆ ಬಂದಿದ್ದೆ. ತಿಂಗಳಿಗೊಮ್ಮೆ ಹೋಗಿ ಬರುತ್ತಿದ್ದೆ. ಮೂರನೆಯ ವರ್ಷ, ಜನವರಿಯ ಒಂದು ಮಂಗಳವಾರ ಬೆಳಿಗ್ಗೆ, ಪೂಜೆಗೆ ಕೂತಿದ್ದಾಗಲೇ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಎಡಗೈ ಮಣಿಕಟ್ಟಿನಿಂದ ಕೆಳಗೆ ಜೋತುಬಿತ್ತು. ಲಿಂಗ ಅಂಗೈಯಿಂದ ಜಾರಿ, ಚಾಪೆ ದಾಟಿ, ಗೋಡೆಯ ಬುಡದವರೆಗೆ ಉರುಳಿತು. ಅದು ಉರುಳುವುದನ್ನು ನೋಡಿದ್ದೇ ಅವರಿಗೆ ಕೊನೆಯ ನೆನಪು.

ನೀಲಗಂಗಮ್ಮ ಲಿಂಗವನ್ನು ಕರಡಿಗೆಯೊಳಗಿಟ್ಟು ಅವರ ಕೊರಳಿಗೆ ಹಾಕಿ, ನೆರೆಯವರ ಗಾಡಿಯಲ್ಲಿ ಹೊಸಪೇಟೆಯ ಆಸ್ಪತ್ರೆಗೆ ತಂದರು. ಏಳೂ ಹತ್ತಕ್ಕೆ ಐಸಿಯು ಒಳಗೆ ಕರೆದೊಯ್ದರು. ಸ್ವಲ್ಪ ಹೊತ್ತಿಗೆ ಆಯಾ ಒಬ್ಬಳು ಬಂದು, ಒಳಗೆ ಮೈಮೇಲೆ ಏನೂ ಇರುವಂತಿಲ್ಲವೆಂದು ಹೇಳಿ ಒಂದು ಪ್ಲಾಸ್ಟಿಕ್ ಚೀಲ ಕೊಟ್ಟು ಹೋದಳು. ಅಂಗಿ, ವಾಚು, ಬೆಳ್ಳಿಯ ಕರಡಿಗೆ. ನೀಲಗಂಗಮ್ಮ ಕರಡಿಗೆಯನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಬಾಗಿಲ ಹೊರಗೆ ಕೂತರು; ಒಳಗೆ ಯಾರನ್ನೂ ಬಿಡಲಿಲ್ಲ. ಗುರುವಾರ ಬೆಳಿಗ್ಗೆ ಹನ್ನೊಂದೂ ಹತ್ತಕ್ಕೆ ವಾರ್ಡಿಗೆ ಕಳಿಸುವಾಗ ಅದನ್ನು ಆಸ್ಪತ್ರೆಯವರು ಒಳಗೆ ತರಿಸಿಕೊಂಡರು. ಹೊರಗೆ ಬಂದಾಗ ಕರಡಿಗೆ ಗಂಡನ ಕೊರಳಲ್ಲಿತ್ತು.

ಅಂದಾನಪ್ಪ ಬದುಕಿದರು. ಮಾತು ಉಳಿಯಿತು, ಕಾಲು ಎಳೆದುಕೊಂಡು ನಡೆಯುವಷ್ಟಾಯಿತು. ಎಡಗೈ ಮಾತ್ರ ಬರಲಿಲ್ಲ.

ನಾನು ಹೋದಾಗ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಕರಡಿಗೆ ಕೊರಳಲ್ಲಿರಲಿಲ್ಲ, ದೇವರ ಗೂಡಿನಲ್ಲಿತ್ತು.

"ನೋಡ್ರಿ ಸರ" ಎಂದರು. "ಕಂಪನೀ ಕೈ ಉಳಿಸ್ಯಾನ. ತನ್ನ ಕೈ ತಗಂಡಾನ. ಇನ್ನ ಬ್ಯಾಡ ಅಂತ ಅರ್ಥ."

"ಹಂಗ ಯಾಕಂತೀರಿ? ಮೆದುಳಿನ ಬಲಭಾಗದಲ್ಲಿ ರಕ್ತ ಹೆಪ್ಪುಗಟ್ಟಿದರೆ ಎಡಗೈ ಹೋಗುತ್ತೆ. ಅಷ್ಟೇ" ಎಂದೆ.

"ಅದು ಹೆಂಗ ಹೋತು ಅಂತ ನೀವು ಹೇಳ್ತೀರಿ. ಯಾಕ ಹೋತು ಅಂತ ನಾ ಕೇಳಾಕತ್ತೀನಿ."

ಅವರನ್ನು ತಿನ್ನುತ್ತಿದ್ದದ್ದು ಮೂರು ಸಂಗತಿ. ಲಿಂಗ ತಾನಾಗಿ ಕೈಬಿಟ್ಟು ಹೋಯಿತು. ಐವತ್ತೆರಡು ತಾಸು ಮೈಯಿಂದ ದೂರವಿತ್ತು. ದೀಕ್ಷೆಯಾದಂದಿನಿಂದ ಒಂದು ಗಳಿಗೆಯೂ ಹಾಗೆ ಇದ್ದದ್ದಿಲ್ಲ. ಮೂರನೆಯದು, ಮನೆಗೆ ಬಂದು ಕರಡಿಗೆ ತೆರೆದಾಗ ಲಿಂಗಕ್ಕೆ ಸುತ್ತಿದ್ದ ತಮ್ಮ ಪಾವಡದ ಬಟ್ಟೆ ಅಲ್ಲಿರಲಿಲ್ಲ. ಅದರ ಬದಲು ಆಸ್ಪತ್ರೆಯ ಗಾಯದ ಪಟ್ಟಿ, ಡೆಟಾಲ್ ವಾಸನೆಯ ಬಟ್ಟೆ. ಯಾರೋ ತೆರೆದಿದ್ದಾರೆ, ಮುಟ್ಟಿದ್ದಾರೆ, ಕೈಗೆ ಸಿಕ್ಕಿದ್ದನ್ನು ಸುತ್ತಿ ತುರುಕಿದ್ದಾರೆ. ಅದನ್ನು ಬಿಸಾಕು ಎಂದು ಹೆಂಡತಿಗೆ ಹೇಳಿದ್ದರು.

ಪೂಜೆ ನಿಂತಿತು. ಪೂಜೆಯಿಲ್ಲದೆ ಉಣ್ಣುವುದು ಅವರಿಗೆ ತಿಳಿಯದು. ಮಾತ್ರೆ ನುಂಗಲು ಎರಡು ಲೋಟ ಗಂಜಿ, ಅದೂ ನೀಲಗಂಗಮ್ಮ ಗದರಿಸಿದರೆ. ಮಠದ ಅಯ್ಯನವರು ಬಂದು, ಮನಸ್ಸಿನಲ್ಲೇ ಪೂಜೆ ಮಾಡಿದರೆ ಸಾಕೆಂದು ಹೇಳಿ ಹೋದರು. ಇವರು ತಲೆಯಾಡಿಸಿದರು, ಮಾಡಲಿಲ್ಲ. ನೀಲಗಂಗಮ್ಮ ತಮ್ಮ ಅಂಗೈಯನ್ನು ಅವರ ಅಂಗೈ ಕೆಳಗೆ ಹಿಡಿಯುತ್ತೇನೆಂದರು. "ನಿನ್ನ ಕೈಯಾಗ ನಿನ್ನ ಲಿಂಗ ಐತಿ" ಎಂದು ಅಂದಾನಪ್ಪ ಒಲ್ಲೆಂದರು.

ನಾನೂ ಒಂದು ಪ್ರಯತ್ನ ಮಾಡಿದೆ. ಅವರ ಕೈಯ ಅಳತೆ ತೆಗೆದು, ಪಿವಿಸಿ ಪೈಪನ್ನು ಬಿಸಿ ಮಾಡಿ ಸೀಳಿ, ಅಂಗೈಯನ್ನು ಸಮತಲವಾಗಿ ಹಿಡಿಯುವ ಒಂದು ಆಸರೆ ತಯಾರಿಸಿದೆ. ಅಂದಾನಪ್ಪ ಅದರಲ್ಲಿ ಕೈಯಿಟ್ಟು ಬಹಳ ಹೊತ್ತು ನೋಡಿದರು.

"ಭಾಳ ಚಂದ ಮಾಡೀರಿ ಸರ. ಆದ್ರ ಇದು ಸ್ಟ್ಯಾಂಡ್ ಆತು, ಕೈ ಆಗಲಿಲ್ಲ."

"ಇರ್ಲಿ ಬಿಡ್ರಿ" ಎಂದರು ನೀಲಗಂಗಮ್ಮ. "ಅದ್ರಾಗ ಊದಿನಕಡ್ಡಿ ಚುಚ್ಚತೀನಿ. ಸರ್ ಕಷ್ಟಪಟ್ಟಾರ."

ಮೂವರೂ ನಕ್ಕೆವು. ಅವರು ನಕ್ಕದ್ದು ಆ ತಿಂಗಳಲ್ಲಿ ಅದೊಂದೇ ಸಲ ಎಂದು ನೀಲಗಂಗಮ್ಮ ಆಮೇಲೆ ಹೇಳಿದರು. ಜನವರಿಯಲ್ಲಿ ಅರವತ್ತೊಂದು ಕಿಲೋ ಇದ್ದವರು ಏಪ್ರಿಲ್ ಹೊತ್ತಿಗೆ ಐವತ್ತೆರಡಕ್ಕೆ ಇಳಿದಿದ್ದರು.

ಆ ತಿಂಗಳೇ ನನ್ನನ್ನು ಕರೆಸಿದರು. "ಸರ, ಸೋಮವಾರ ದವಾಖಾನಿ ಚೆಕಪ್ ಐತಿ. ಅದು ಮುಗಿದ ಮ್ಯಾಲೆ ನಿಮ್ಮ ಕಾರಿನಾಗ ಹಂಗ ಹಂಪಿಗೆ ಕರಕಂಡು ಹೋಗ್ರಿ. ಹೊಳಿಯಾಗ ಬಿಟ್ಟು ಬರ್ತೀನಿ." ಏನನ್ನು ಎಂದು ಹೇಳಲಿಲ್ಲ. ದೇವರ ಗೂಡಿನ ಕಡೆ ನೋಡಿದರು.

ನೀಲಗಂಗಮ್ಮ ನನ್ನನ್ನು ಹೊರಗೆ ಕರೆದರು. "ಒಲ್ಲೆ ಅನ್ರಿ. ಅದನ್ನ ಹೊಳಿಗೆ ಹಾಕಿದ ದಿನಾ ಇವ್ರು ಗಂಜೀನೂ ಬಿಡ್ತಾರ. ನಂಗ ಗೊತ್ತೈತಿ."

ನಾನು ಒಲ್ಲೆ ಎನ್ನಲಿಲ್ಲ. ನಾನು ಒಲ್ಲೆಂದರೆ ಆಟೋ ಮಾಡಿಕೊಂಡು ಹೋಗುತ್ತಿದ್ದರು. ಜೊತೆಗಿರುವುದು ಲೇಸು ಎನಿಸಿತು.

ಸೋಮವಾರ ಆಸ್ಪತ್ರೆಯಲ್ಲಿ ಡಾಕ್ಟರು ಐದು ನಿಮಿಷ ನೋಡಿದರು. ಕೈ ಇನ್ನು ಬರುವ ಸಾಧ್ಯತೆ ಕಡಿಮೆ ಎಂದರು. ಹೊರಗೆ ಬೆಂಚಿನ ಮೇಲೆ ಔಷಧಿಗಾಗಿ ಕಾಯುತ್ತಿದ್ದೆವು. ಕರಡಿಗೆ ಅಂದಾನಪ್ಪನವರ ಅಂಗಿಯ ಜೇಬಿನಲ್ಲಿತ್ತು. ಐವತ್ತರ ಆಸುಪಾಸಿನ ನರ್ಸೊಬ್ಬರು ಹಾದು ಹೋದವರು ತಿರುಗಿ ಬಂದರು. ಎದೆಯ ಬಿಲ್ಲೆಯ ಮೇಲೆ ಯಮುನಾಬಾಯಿ ಎಂದಿತ್ತು.

"ಏನ್ರಿ ಯಜಮಾನ್ರ, ಹೆಂಗದೀರಿ? ನನ್ನ ಗುರ್ತು ಇರಂಗಿಲ್ಲ ನಿಮಗ. ಐಸಿಯುದಾಗ ಕಣ್ಣ ತೆಗದಿದ್ದಿಲ್ಲ." ಎಡಗೈ ಎತ್ತಿ ಮಡಚಿ ನೋಡಿದರು. "ಇದು ಹಂಗಾ ಐತಲ್ಲ. ಎರಡು ದಿನ ಈ ಕೈ ನಾ ಕಾದೀನಿ."

"ಏನ್ ಕಾದ್ರಿ?"

"ನಿಮ್ಮ ಲಿಂಗಪ್ಪನ್ನ. ಇದ್ರಾಗ ಇಟ್ಟು ಪಟ್ಟಿ ಕಟ್ಟಿದ್ದೆ."

ನೀಲಗಂಗಮ್ಮ ಎದ್ದು ನಿಂತರು. "ಅದು ನನ್ನ ಸೆರಗಿನಾಗ ಇತ್ತಲ್ರಿ ಅಕ್ಕಾರ."

"ಸೆರಗಿನಾಗ ಇದ್ದದ್ದು ಬರೇ ಬೆಳ್ಳಿ ಡಬ್ಬಿ. ಒಳಗ ದಾರ, ಬೆಳ್ಳಿ ಏನೂ ಇರಬಾರ್ದು, ಎದಿ ಮ್ಯಾಲೆ ವೈರ್ ಹಚ್ಚಬೇಕು. ಅದಕ ಡಬ್ಬಿ ಆಯಾನ ಕೈಯಾಗ ಕಳಿಸಿದೆ. ಲಿಂಗ ಇಲ್ಲೇ ಐತಿ ಅಂತ ಹೇಳು ಅಂದಿದ್ದೆ. ಹೇಳಲಿಲ್ಲೇನು? ಅಕಿ ಹಂಗಾ, ಅರ್ಧಾ ಹೇಳ್ತಾಳ ಅರ್ಧಾ ನುಂಗ್ತಾಳ."

"ನೀವು ನಮ್ಮವ್ರೇನ್ರಿ?" ಎಂದು ಅಂದಾನಪ್ಪ ಕೇಳಿದರು.

"ಅಲ್ರಿ, ನಾವು ತಿರುಪತಿ ಒಕ್ಕಲು. ನಮ್ಮ ಮನಿ ಬಾಜೂಕ ನಿಮ್ಮವ್ರು ಇದ್ರು. ಆ ಅಜ್ಜಗ ಲಿಂಗ ಮೈಮ್ಯಾಲೆ ಇಲ್ದಿದ್ರ ನೀರು ಇಳೀತಿದ್ದಿಲ್ಲ. ಸಣ್ಣಾಕಿ ಇದ್ದಾಗಿಂದ ನೋಡೀನಿ. ಅವ್ರು ಪಾವಡ ಅಂತಿದ್ರಲ್ಲ, ನಿಮ್ಮದು ಡಬ್ಬಿಯೊಳಗ ವಾಂತಿ ಇಳದು ತೋಯ್ದಿತ್ತು. ಅದಕ ಹೊಸಾ ಗಾಯದ ಪಟ್ಟಿ ಸುತ್ತಿದೆ. ದೊಡ್ಡ ಡಾಕ್ಟರ್ ರೌಂಡಿಗೆ ಬಂದು, ಎಡಗೈಗೆ ಏನ್ ಗಾಯ ಅಂದ್ರು. ಹಳೇದು ಸರ್ ಅಂದೆ."

ಅಂದಾನಪ್ಪ ಬಲಗೈಯಿಂದ ತಮ್ಮ ಎಡಗೈಯನ್ನು ಹಿಡಿದುಕೊಂಡರು. ಸ್ಯಾಂಪಲ್ ತೂಕದ ಬಗ್ಗೆ ಕೇಳುವಾಗ ಕೇಳುತ್ತಿದ್ದಷ್ಟೇ ಕರಾರುವಾಕ್ಕಾಗಿ ಕೇಳಿದರು:

"ಎಡಗೈನಾ? ಬಲಗೈ ಅಲ್ಲ?"

"ಬಲಗೈಗೆ ಸಲೈನ್ ಹಚ್ಚಿದ್ವಿ. ಎಡಗೈ ಅಳ್ಳಾಡ್ತಿದ್ದಿಲ್ಲ. ಅದ್ರಾಗ ಬೀಳಂಗಿಲ್ಲ ಅಂತ ಅದಕಾ ಕಟ್ಟಿದೆ."

"ನಡುವ ತೆಗದಿದ್ರೇನು?"

"ಇಲ್ರಿ. ನನ್ನ ಡ್ಯೂಟಿ ಮುಗಿದಾಗ ಮುಂದಿನಾಕಿಗೆ ಹೇಳಿ ಹೋಗೀನಿ. ವಾರ್ಡಿಗೆ ಕಳಸಾಗ ನಾನಾ ಬಿಚ್ಚಿ, ಅದಾ ಪಟ್ಟಿ ಸುತ್ತಿ ಡಬ್ಬಿಯಾಗ ಇಟ್ಟೆ." ಅಷ್ಟರಲ್ಲಿ ಯಾರೋ ಕರೆದರು. "ಉಣ್ರಿ ಯಜಮಾನ್ರ, ಭಾಳ ಸೊರಗೀರಿ" ಎಂದು ಹೇಳಿ ಯಮುನಾಬಾಯಿ ಹೊರಟುಹೋದರು.

ಔಷಧಿ ತೆಗೆದುಕೊಂಡು ಹೊರಟೆವು. ಹಂಪಿಗೆ ಹೋಗುವ ರಸ್ತೆಯಲ್ಲೇ ಮಲಪನಗುಡಿ ಬರುತ್ತದೆ. ಕಾರಿನಲ್ಲಿ ಅಂದಾನಪ್ಪ, ನಮಗಲ್ಲ, ಕಿಟಕಿಯ ಆಚೆಗೆ ಎಂಬಂತೆ ಹೇಳಿದರು: "ಐವತ್ತೆರಡು ತಾಸು. ಇದಾ ಕೈಯಾಗ. ನನಗ ಅಷ್ಟೊತ್ತು ಯಾವತ್ತೂ ಕುಂದ್ರಾಕ ಆಗಿಲ್ಲ."

ಊರಿನ ತಿರುವು ಹತ್ತಿರ ಬಂತು. ನೇರ ಹೋಗಬೇಕೇ, ತಿರುಗಬೇಕೇ ಎಂದು ನಾನು ಕೇಳಲಿಲ್ಲ. ವೇಗ ಕಡಿಮೆ ಮಾಡಿದೆ.

"ಮನಿಗೆ ನಡೀರಿ ಸರ" ಎಂದರು. ಸ್ವಲ್ಪ ದೂರ ಹೋದ ಮೇಲೆ, "ಇಷ್ಟು ವರ್ಷ ನಾ ಹಿಡಕಂಡೀನಿ ಅಂತ ತಿಳಕಂಡಿದ್ದೆ. ನನಗ ಎಚ್ಚರಾ ಇಲ್ಲದಾಗ ಹಿಡಕಂಡೋರು ಯಾರು?"

ಮನೆ ತಲುಪಿ ಸ್ನಾನ ಮಾಡಿಸಿಕೊಂಡು ಕೂತರು. "ನೀಲಾ, ಆ ಪಟ್ಟಿ ಬಿಸಾಕಿಬಿಟ್ಟೇನು?"

"ಎಲ್ಲಿ ಬಿಸಾಕಲಿ? ಒಗದು ಟ್ರಂಕಿನಾಗ ಇಟ್ಟೀನಿ. ಔಷಧದ ಬಟ್ಟಿ, ಯಾವುದಕ್ಕರ ಆಗ್ತೈತಿ ಅಂತ."

ಸತ್ತ ಕೈಯನ್ನು ತೊಡೆಯ ಮೇಲಿಟ್ಟು, ಅಂಗೈಯಲ್ಲಿ ಲಿಂಗವಿಟ್ಟು, ನೀಲಗಂಗಮ್ಮ ಪಟ್ಟಿ ಕಟ್ಟಿದರು. ಮಣಿಕಟ್ಟಿಗೆ ಎರಡು ಸುತ್ತು, ಹೆಬ್ಬೆರಳಿಗೆ ಒಂದು. ಮೇಲೆ ವಿಭೂತಿ ಹಚ್ಚುವಷ್ಟು ಜಾಗ ಬಿಟ್ಟರು. ಪೂಜೆಗೆ ನಲವತ್ತು ನಿಮಿಷ ಹಿಡಿಯಿತು. ಆಮೇಲೆ ಅಂದಾನಪ್ಪ ಒಂದು ರೊಟ್ಟಿ ತಿಂದರು, ಇನ್ನರ್ಧ ಕೇಳಿ ಹಾಕಿಸಿಕೊಂಡರು.

ಇಲ್ಲಿಂದಾಚೆ ಎಲ್ಲವೂ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಅವರು ಇನ್ನೂ ಹನ್ನೊಂದು ತಿಂಗಳು ಬದುಕಿದರು. ಹೋದಾಗಲೆಲ್ಲ ಬೆರಳು ಅಲ್ಲಾಡಿಸಲು ಹೇಳುತ್ತಿದ್ದೆ, ಒಂದು ಸಲವೂ ಅಲ್ಲಾಡಲಿಲ್ಲ. ಮರುವರ್ಷ ಜನವರಿಯಲ್ಲಿ ಎರಡನೆಯ ಸಲ ಹೊಡೆದು ಮಾತೂ ಹೋಯಿತು. ಹಾಸಿಗೆ ಹುಣ್ಣಾಯಿತು, ನೋವಿಗೆ ನರಳುತ್ತಿದ್ದರು. ಆದರೆ ಹೊಳೆಯ ಮಾತು ಮತ್ತೆ ಎತ್ತಲಿಲ್ಲ, ಯಾಕೆ ಎಂದೂ ಕೇಳಲಿಲ್ಲ. ಪ್ರತಿ ಬೆಳಿಗ್ಗೆ ಹೆಂಡತಿ ಪಟ್ಟಿ ಹಿಡಿದು ಬಂದಾಗ, ಬಲಗೈಯಿಂದ ಎಡಗೈಯನ್ನು ಎತ್ತಿ ತಾವೇ ಮುಂದೆ ಇಡುತ್ತಿದ್ದರು.

ಮಾರ್ಚಿನಲ್ಲಿ ತೀರಿಕೊಂಡರು. ಊರ ಹೊರಗೆ, ಮಗಳ ಸಮಾಧಿಯ ಪಕ್ಕದಲ್ಲಿ ಗುಂಡಿ ತೆಗೆದು ಕೂಡಿಸಿದರು. ಲಿಂಗವಂತರಲ್ಲಿ ಮಣ್ಣು ಕೊಡುವ ಮುಂಚೆ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಡುತ್ತಾರೆ. ಅಯ್ಯನವರು ಕಟ್ಟಲು ಬಟ್ಟೆ ಕೇಳಿದರು. ನೀಲಗಂಗಮ್ಮ ಸೆರಗಿನ ಗಂಟು ಬಿಚ್ಚಿ ಆ ಗಾಯದ ಪಟ್ಟಿಯನ್ನು ಕೊಟ್ಟರು.

"ಹೊಸಾ ಬಟ್ಟಿ ಇಲ್ಲೇನವಾ?"

"ಇದಾ ಇರ್ಲಿ ಅಯ್ಯನೋರ. ಮಣಿಕಟ್ಟಿಗೆ ಎರಡು ಸುತ್ತು ಹಾಕ್ರಿ. ಹೆಬ್ಬೆಟ್ಟಿಗೆ ಒಂದು."

ಅಯ್ಯನವರು ಹಾಗೆಯೇ ಕಟ್ಟಿದರು. ಮೊದಲ ಹಿಡಿ ವಿಭೂತಿ ಬೀಳುವವರೆಗೂ ನೀಲಗಂಗಮ್ಮ ಬಗ್ಗಿ ಆ ಗಂಟನ್ನೇ ನೋಡುತ್ತಿದ್ದರು.